ಗಿಜುಭಾಯಿ ಬಧೇಕಾ

ಗಿಜುಭಾಯಿ ಬಧೇಕಾ (15 ನವೆಂಬರ್ 1885 – 23 ಜೂನ್ 1939) ಗುಜರಾತಿನ ಶಿಕ್ಷಣತಜ್ಞರು ಮತ್ತು ಗುಜರಾತಿ ಭಾಷೆಯ ಮಕ್ಕಳ ಸಾಹಿತಿ. ಇವರ ಪೂರ್ಣ ಹೆಸರು ಗಿರಿಜಾಶಂಕರ ಭಗವಾನ್‌ಜಿ ಬಧೇಕಾ. ಕಥೆಯನ್ನು ಬಿಡುವಿನ ವೇಳೆಯ ವಿನೋದವೆಂದು ಬದಿಗಿಡದೆ ಶಾಲೆಯ ಕಲಿಕೆಯ ಕೇಂದ್ರಕ್ಕೆ ತಂದವರಲ್ಲಿ ಇವರು ಪ್ರಮುಖರು. ಮೀಸೆಯುಳ್ಳ ತಾಯಿ ಎಂಬ ಅರ್ಥದ ‘ಮೂಛಾಳಿ ಮಾ’ ಎಂಬ ಹೆಸರಿನಿಂದಲೂ ಪ್ರಸಿದ್ಧರು.

ಜೀವನ

ಸೌರಾಷ್ಟ್ರದ ಚಿತಲ್ ಗ್ರಾಮದಲ್ಲಿ ಜನಿಸಿದ ಗಿಜುಭಾಯಿ 1907ರಲ್ಲಿ ಪೂರ್ವ ಆಫ್ರಿಕಾಕ್ಕೆ ತೆರಳಿದರು. ಹಿಂದಿರುಗಿದ ಬಳಿಕ ಮುಂಬಯಿಯಲ್ಲಿ ಕಾನೂನು ಅಭ್ಯಾಸ ಮಾಡಿ ವಢವಾಣದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. 1913ರಲ್ಲಿ ಮಗ ಹುಟ್ಟಿದ ಮೇಲೆ ಆತನ ಪಾಲನೆ, ಶಿಕ್ಷಣಗಳ ಕುರಿತ ಚಿಂತನೆ ಅವರನ್ನು ಮರಿಯಾ ಮಾಂಟೆಸರಿಯವರ ಬರಹಗಳತ್ತ ಒಯ್ದಿತು. 1916ರಲ್ಲಿ ವಕೀಲಿಯನ್ನು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ಆರಂಭಿಸಿದರು. ತಾರಾಬಾಯಿ ಮೋಡಕ್ ಈ ಕಾರ್ಯದಲ್ಲಿ ಅವರ ಸಹವರ್ತಿಯಾಗಿದ್ದರು. 1936ರಲ್ಲಿ ದಕ್ಷಿಣಾಮೂರ್ತಿಯಿಂದ ಹೊರಬಂದ ಗಿಜುಭಾಯಿ ಕೊನೆಯ ದಿನಗಳಲ್ಲಿ ರಾಜಕೋಟೆಯಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದರು.

ಕಥೆಯ ಶಿಕ್ಷಣ

ಮಾಂಟೆಸರಿಯವರ ಅನುಯಾಯಿಯಾಗಿದ್ದರೂ ಒಂದು ಮುಖ್ಯ ವಿಷಯದಲ್ಲಿ ಗಿಜುಭಾಯಿ ಅವರಿಂದ ಬೇರೆಯಾದರು. ಎಳೆಯ ಮಕ್ಕಳಿಗೆ ಮೊದಲು ವಾಸ್ತವದ ಪರಿಚಯವಾಗಬೇಕು, ಅದ್ಭುತ ಕಥೆಗಳು ಅನಂತರ ಬರಲಿ ಎಂಬುದು ಮಾಂಟೆಸರಿಯವರ ನಿಲುವು. ಭಾವನಗರದ ಬಾಲಮಂದಿರದಲ್ಲಾದರೋ ಕಥೆ, ಜನಪದ ಗೀತೆ, ನಾಟಕಗಳಿಗೆ ನಿತ್ಯದ ಸ್ಥಾನವಿತ್ತು. ಯಾವ ವಯಸ್ಸಿಗೆ ಯಾವ ಕಥೆ, ಅದನ್ನು ಹೇಳುವ ಬಗೆ ಹೇಗೆ ಎಂಬುದನ್ನು ಅವರು ‘ವಾರ್ತಾನುಂ ಶಾಸ್ತ್ರ’ ಎಂಬ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಆನಂದವೇ ಕಥೆಯ ಮೊದಲ ಪ್ರಯೋಜನ, ನೀತಿಬೋಧೆಯಲ್ಲ ಎಂಬುದು ಅವರ ನಿಲುವಾಗಿತ್ತು.

ಅವರು ಸಂಗ್ರಹಿಸಿ ಮರುಹೇಳಿದ ಜನಪದ ಕಥೆಗಳಲ್ಲಿ ಕಥೆಯ ಬಂಧ ಮಗುವಿಗೆ ತಾನಾಗಿಯೇ ದೊರಕುತ್ತದೆ. ಏಳು ಬಾಲದ ಇಲಿಯ ಕಥೆಯಲ್ಲಿ ಜೊತೆಯವರ ಅಣಕ ತಾಳಲಾರದ ಇಲಿ ಕ್ಷೌರಿಕನ ಬಳಿ ಹೋಗಿ ಒಂದೊಂದಾಗಿ ಬಾಲಗಳನ್ನು ಕತ್ತರಿಸಿಕೊಳ್ಳುತ್ತದೆ. ಕಡೆಗೆ ಬಾಲವೇ ಇಲ್ಲವೆಂದು ಅಣಕಿಸಿಕೊಳ್ಳುತ್ತದೆ. ಎರಡು ಸುತ್ತು ಕೇಳಿದ ಮಗು ಮೂರನೆಯದನ್ನು ತಾನೇ ಹೇಳಬಲ್ಲದು. ದಲಾ ತರವಾಡಿಯ ಕಥೆ ಇನ್ನೂ ಒಂದು ಹೆಜ್ಜೆ ಮುಂದಿನದು. ಬದನೆಕಾಯಿ ಕದಿಯಲು ಬಂದ ತರವಾಡಿ ತೋಟವನ್ನೇ ಅಪ್ಪಣೆ ಕೇಳಿ, ತೋಟದ ಪರವಾಗಿ ತಾನೇ ಉತ್ತರಿಸಿಕೊಳ್ಳುತ್ತಾನೆ. ಸಿಕ್ಕಿಬಿದ್ದಾಗ ತೋಟದೊಡೆಯ ವಶರಾಮ ಭುವಾ ಅದೇ ಧಾಟಿಯಲ್ಲಿ ಬಾವಿಯನ್ನು ಕೇಳಿ ಅವನನ್ನು ಮುಳುಗಿಸುತ್ತಾನೆ. ಆರಂಭದಲ್ಲಿ ಬಂದ ಮಾತೇ ಅಂತ್ಯದಲ್ಲಿ ತಿರುಗುಬಾಣವಾಗುವ ಈ ರಚನೆಯನ್ನು ವ್ಯಾಖ್ಯೆಯಿಂದ ಕಲಿಸುವುದು ಕಷ್ಟ.

ದಿವಾಸ್ವಪ್ನ

ಹಗಲುಗನಸು ಎಂಬ ಅರ್ಥದ ‘ದಿವಾಸ್ವಪ್ನ’ ಅವರ ಅತ್ಯಂತ ಪ್ರಸಿದ್ಧ ಕೃತಿ. ಇದರಲ್ಲಿ ಲಕ್ಷ್ಮೀರಾಮನೆಂಬ ಶಿಕ್ಷಕ ನಾಲ್ಕನೆಯ ತರಗತಿಯಲ್ಲಿ ಹೊಸ ಬಗೆಯ ಶಿಕ್ಷಣದ ಪ್ರಯೋಗ ನಡೆಸುತ್ತಾನೆ. ಮೊದಲ ದಿನದ ಮೌನದ ಆಟ ಗದ್ದಲದಲ್ಲಿ ವಿಫಲವಾಗುತ್ತದೆ. ಅನಂತರ ರಾಜ ಮತ್ತು ಏಳು ರಾಣಿಯರ ಕಥೆ ಶುರುವಾದೊಡನೆ ತರಗತಿ ತಾನಾಗಿ ಸ್ತಬ್ಧವಾಗುತ್ತದೆ. ಪಠ್ಯಪುಸ್ತಕಗಳ ಹಣದಿಂದ ತರಗತಿಗೊಂದು ಗ್ರಂಥಾಲಯ ಸಿದ್ಧವಾಗುತ್ತದೆ. ಇತಿಹಾಸವೂ ಕಥೆಯ ರೂಪ ತಾಳುತ್ತದೆ. ಕೇಳಿದ ಕಥೆಗಳನ್ನು ಮಕ್ಕಳು ಬಾಯಿಪಾಠವಿಲ್ಲದೆ ಅಭಿನಯಿಸುತ್ತಾರೆ.