ಕೆ. ಶೇಷಾದ್ರಿ ಅಯ್ಯರ್

ಸರ್ ಕೆ. ಶೇಷಾದ್ರಿ ಅಯ್ಯರ್ (1 ಜೂನ್ 1845 – 13 ಸೆಪ್ಟೆಂಬರ್ 1901) ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆಡಳಿತಗಾರರು ಮತ್ತು ಕಾನೂನು ಪದವೀಧರರು. 1883ರಿಂದ 1901ರವರೆಗೆ ಸುಮಾರು ಹದಿನೆಂಟು ವರ್ಷಗಳ ಕಾಲ ಅವರು ಈ ಹುದ್ದೆಯಲ್ಲಿದ್ದರು. ವಿದ್ಯುಚ್ಛಕ್ತಿಯು ಭಾರತಕ್ಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಒಪ್ಪಿಗೆ ನೀಡಿ, ಅದನ್ನು ಸರ್ಕಾರದ ಉದ್ಯಮವಾಗಿ ರೂಪಿಸಿದ್ದು ಅವರ ಪ್ರಮುಖ ಸಾಧನೆಯೆಂದು ಪರಿಗಣಿಸಲಾಗಿದೆ. ಈ ಯೋಜನೆಯ ಮೊದಲ ಗ್ರಾಹಕರು ಕೋಲಾರ ಜಿಲ್ಲೆಯ ಚಿನ್ನದ ಗಣಿಗಳು.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಅವರು ಅಂದಿನ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದ ಪಾಲಕ್ಕಾಡಿನ ಬಳಿಯ ಕುಮಾರಪುರಂ ಗ್ರಾಮದ ತಮಿಳು ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಆರಂಭಿಕ ವಿದ್ಯಾಭ್ಯಾಸವನ್ನು ಕಲ್ಲಿಕೋಟೆಯಲ್ಲಿ ಪಡೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪೂರೈಸಿದರು. ಸೇವೆಯಲ್ಲಿದ್ದಾಗಲೇ 1874ರಲ್ಲಿ ಕಾನೂನು ಪದವಿಯನ್ನೂ ಗಳಿಸಿದರು.

ಮೈಸೂರು ಸೇವೆ

1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಾಂಗ ಶಿರಸ್ತೇದಾರರಾಗಿ ಮೈಸೂರು ಸೇವೆಗೆ ಸೇರಿದರು. ಸಿ. ರಂಗಾಚಾರ್ಲು ಅವರ ಪ್ರೋತ್ಸಾಹ ಅವರಿಗೆ ದೊರೆಯಿತು. ಜಿಲ್ಲಾಡಳಿತದಲ್ಲಿ ಡೆಪ್ಯುಟಿ ಕಮಿಷನರ್ ಹುದ್ದೆಯವರೆಗೆ ಏರಿದರು. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ರಂಗಾಚಾರ್ಲು ಮೊದಲ ದಿವಾನರಾದರು. 1883ರ ಜನವರಿಯಲ್ಲಿ ಅವರು ತೀರಿಕೊಂಡ ನಂತರ ಶೇಷಾದ್ರಿ ಅಯ್ಯರ್ ಆ ಸ್ಥಾನಕ್ಕೆ ಬಂದರು.

ದಿವಾನಗಿರಿ

1876–78ರ ಭೀಕರ ಬರಗಾಲದ ಸಾಲ ಮತ್ತು ನಷ್ಟಗಳು ಅವರ ಮುಂದಿದ್ದ ಮೊದಲ ಸವಾಲಾಗಿದ್ದವು. ರೈಲು ಮಾರ್ಗಗಳ ವಿಸ್ತರಣೆ ಮತ್ತು ನೀರಾವರಿ ಕಾಮಗಾರಿಗಳಿಗೆ ಅವರು ಆದ್ಯತೆ ನೀಡಿದರು. 1884ರಲ್ಲಿ ಮೂವರು ನ್ಯಾಯಾಧೀಶರ ಮುಖ್ಯ ನ್ಯಾಯಾಲಯ ಸ್ಥಾಪನೆಯಾಯಿತು. ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸುವ ಮೈಸೂರು ಸಿವಿಲ್ ಸರ್ವಿಸ್ ಪದ್ಧತಿ ಜಾರಿಗೆ ಬಂದಿತು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿದ 1894ರ ಶಾಸನವೂ ಇದೇ ಅವಧಿಯದು.

ಬೆಂಗಳೂರಿಗೆ ಹೆಸರಘಟ್ಟದಿಂದ ನೀರು ತರುವ ಚಾಮರಾಜೇಂದ್ರ ಜಲಕಾಮಗಾರಿ, ವಿಕ್ಟೋರಿಯಾ ಆಸ್ಪತ್ರೆ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಅವರ ಕಾಲದಲ್ಲಿ ಆದವು. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಜಲಾಶಯದ ನಿರ್ಮಾಣವೂ ಆಗಲೇ ಆರಂಭವಾಯಿತು. 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ನಿಧನರಾದ ಬಳಿಕ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾದರು. ಅವರಿಗೆ ನೆರವಾಗಲು ರಚಿತವಾದ ಮಂಡಲಿಯಲ್ಲಿಯೂ ಶೇಷಾದ್ರಿ ಅಯ್ಯರ್ ದಿವಾನರಾಗಿ ಮುಂದುವರಿದರು.

ಕೋಲಾರದ ಚಿನ್ನದ ಗಣಿಗಳು

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ಕೋಲಾರದ ಗಣಿಗಾರಿಕೆ ಲಾಭದಾಯಕವಾಯಿತು. ಗಣಿಗಳು ಬ್ರಿಟಿಷ್ ಕಂಪನಿಗಳ ಕೈಯಲ್ಲಿದ್ದುದರಿಂದ ಸಂಸ್ಥಾನದ ಪಾಲು ಮುಖ್ಯವಾಗಿ ಗುತ್ತಿಗೆಯ ಷರತ್ತುಗಳನ್ನು ಅವಲಂಬಿಸಿತ್ತು. ಉತ್ಪಾದಿಸಿದ ಚಿನ್ನದ ಮೇಲೆ ಶೇಕಡಾ 5ರಷ್ಟು ರಾಜಧನ ಸಲ್ಲುತ್ತಿತ್ತು. ಇದು ಸಂಸ್ಥಾನದ ಬೊಕ್ಕಸಕ್ಕೆ ಹೊಸ ಆದಾಯಮೂಲವಾಯಿತು. 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಲಾಯಿತು. ಇದರಿಂದ ಖನಿಜಗಳ ಕುರಿತು ಸರ್ಕಾರವು ಕಂಪನಿಗಳ ಮಾಹಿತಿಯನ್ನಷ್ಟೇ ನೆಚ್ಚಿಕೊಳ್ಳಬೇಕಾದ ಸ್ಥಿತಿ ತಪ್ಪಿತು.

ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ರೈಲು ಮಾರ್ಗವು ಮಾಲೂರು, ಟೇಕಲ್‌ಗಳನ್ನು ಹಾದು ಬೌರಿಂಗ್‌ಪೇಟೆಯನ್ನು (ಇಂದಿನ ಬಂಗಾರಪೇಟೆ) ತಲುಪುತ್ತದೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಪ್ರದೇಶಕ್ಕೆ ಕವಲು ಮಾರ್ಗ ತೆರೆಯಿತು. ಆದರೆ ಆಳಕ್ಕೆ ಇಳಿದಂತೆಲ್ಲ ಗಣಿಗಳ ಶಕ್ತಿಯ ಅಗತ್ಯವೂ ಹೆಚ್ಚುತ್ತಿತ್ತು. ಅದಿರನ್ನು ಮೇಲೆತ್ತುವುದು, ನೀರನ್ನು ಹೊರಹಾಕುವುದು, ಕಲ್ಲನ್ನು ಪುಡಿಮಾಡುವುದು ಇವೆಲ್ಲಕ್ಕೂ ಹಬೆಯಂತ್ರಗಳನ್ನು ಬಳಸಲಾಗುತ್ತಿತ್ತು. ಸೌದೆ ಮತ್ತು ದೂರದಿಂದ ತರಿಸುವ ಕಲ್ಲಿದ್ದಲಿನ ವೆಚ್ಚವು ದೊಡ್ಡ ಹೊರೆಯಾಗಿತ್ತು.

ಶಿವನಸಮುದ್ರ ವಿದ್ಯುತ್ ಯೋಜನೆ

ಕಾವೇರಿ ಜಲಪಾತದ ಶಕ್ತಿಯನ್ನು ಬಳಸಿಕೊಳ್ಳಲು 1890ರ ದಶಕದಲ್ಲಿ ಖಾಸಗಿಯವರೂ ಆಸಕ್ತಿ ತೋರಿದ್ದರು. ಸಂಸ್ಥಾನದ ಎಂಜಿನಿಯರಾಗಿದ್ದ ಎ. ಸಿ. ಜೋಲಿ ಡಿ ಲಾಟ್ಬಿನಿಯರ್ ಅವರು ಜಲಪಾತದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಗಣಿಗಳಿಗೆ ಸಾಗಿಸುವ ಯೋಜನೆಯನ್ನು ಮುಂದಿಟ್ಟರು. ಯೂರೋಪ್ ಹಾಗೂ ಅಮೆರಿಕಗಳಲ್ಲಿ ಅವರು ತಾಂತ್ರಿಕ ವಿಚಾರಣೆಯನ್ನೂ ನಡೆಸಿದರು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ ಉದಾಹರಣೆ ಭಾರತದಲ್ಲಿ ಇರಲಿಲ್ಲ. ಯೋಜನೆ ವಿಫಲವಾದರೆ ಸಾರ್ವಜನಿಕ ಹಣ ನಷ್ಟವಾಗುವ ಅಪಾಯವಿತ್ತು.

ಬ್ರಿಟಿಷ್ ಭಾರತದಲ್ಲಿ ವಿದ್ಯುತ್ತಿನ ಬಳಕೆಯಿಂದಾಗುವ ಅಪಾಯಗಳ ನಿಯಂತ್ರಣಕ್ಕೆ 1887ರಲ್ಲಿಯೇ ಒಂದು ಶಾಸನವಾಗಿತ್ತು. ಸಮಗ್ರ ಸ್ವರೂಪದ ವಿದ್ಯುತ್ ಕಾಯ್ದೆ ಬಂದದ್ದು 1910ರಲ್ಲಿ. ಶಿವನಸಮುದ್ರದ ವಿಷಯದಲ್ಲಿ ಮೈಸೂರು ಸರ್ಕಾರವು ಸರ್ಕಾರಿ ಒಡೆತನ ಹಾಗೂ ಒಪ್ಪಂದ ಎಂಬ ಎರಡು ಸಾಧನಗಳನ್ನು ಬಳಸಿತು. ಉತ್ಪಾದನೆ ಮತ್ತು ಸಾಗಣೆಯನ್ನು ಸರ್ಕಾರವೇ ವಹಿಸಿಕೊಂಡಿತು. ಗಣಿ ಕಂಪನಿಗಳು ನಿಗದಿತ ಪ್ರಮಾಣದ ಶಕ್ತಿಯನ್ನು ನಿಗದಿತ ದರದಲ್ಲಿ ಕೊಳ್ಳಲು ಮುಂಚಿತವಾಗಿಯೇ ಒಪ್ಪಿಕೊಂಡವು. ಮೊದಲು ಹೆಚ್ಚಾಗಿದ್ದು ಕ್ರಮೇಣ ಇಳಿಯುವಂತೆ ದರವನ್ನು ಗೊತ್ತುಪಡಿಸಿದ್ದರಿಂದ ಬಂಡವಾಳವು ಬೇಗನೆ ಮರಳಿ ಬರಲು ಅವಕಾಶವಾಯಿತು.

ನದಿಯ ನೀರಿನ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗಿತ್ತು. 1892ರ ಮೈಸೂರು–ಮದರಾಸು ಒಪ್ಪಂದವು ಕಾವೇರಿಯಲ್ಲಿ ಮೈಸೂರಿನ ಹೊಸ ನೀರಾವರಿ ಕಾಮಗಾರಿಗಳಿಗೆ ಮಿತಿ ಹಾಕಿತ್ತು. ಶಿವನಸಮುದ್ರದ ಆಚೆ ದಡದ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆದರೆ ವಿದ್ಯುತ್ ಉತ್ಪಾದನೆಗೆ ಬಳಸಿದ ನೀರು ಮತ್ತೆ ನದಿಗೇ ಸೇರುವುದರಿಂದ ಕೆಳಗಿನ ರೈತರ ಪಾಲು ಕಡಿಮೆಯಾಗುತ್ತಿರಲಿಲ್ಲ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ವಿದ್ಯುತ್ ಯಂತ್ರಗಳನ್ನು, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯು ಟರ್ಬೈನುಗಳನ್ನು ಪೂರೈಸಿದವು. 1902ರ ಜೂನ್ 30ರಂದು 92 ಮೈಲಿ (ಸುಮಾರು 148 ಕಿ.ಮೀ.) ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. ಆರಂಭದಲ್ಲಿ ಗಣಿಗಳಿಗೆ ಒದಗಿಸಬೇಕಾಗಿದ್ದ ಶಕ್ತಿ ಸುಮಾರು 4,000 ಅಶ್ವಶಕ್ತಿ. ಆಗಿನ ಕಾಲಕ್ಕೆ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು.

ನಿಧನ

ಅನಾರೋಗ್ಯದ ಕಾರಣ ಶೇಷಾದ್ರಿ ಅಯ್ಯರ್ 1901ರ ಮಾರ್ಚ್‌ನಲ್ಲಿ ದಿವಾನಗಿರಿಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. ವಿದ್ಯುತ್ ಯೋಜನೆ ಕಾರ್ಯಾರಂಭ ಮಾಡುವುದನ್ನು ನೋಡಲು ಅವರು ಬದುಕಿರಲಿಲ್ಲ. ಆ ಕಾರ್ಯವು ಮುಂದಿನ ದಿವಾನರಾದ ಪಿ. ಎನ್. ಕೃಷ್ಣಮೂರ್ತಿಯವರ ಅವಧಿಯಲ್ಲಿ ಪೂರ್ಣಗೊಂಡಿತು.

ವಿಮರ್ಶೆ

ಅಧಿಕಾರವನ್ನು ತಮ್ಮಲ್ಲಿಯೇ ಕೇಂದ್ರೀಕರಿಸಿಕೊಂಡರೆಂಬ ಹಾಗೂ ಉನ್ನತ ಹುದ್ದೆಗಳಲ್ಲಿ ಮದರಾಸಿನವರಿಗೆ ಪ್ರಾಶಸ್ತ್ಯ ನೀಡಿದರೆಂಬ ಟೀಕೆಯನ್ನು ಅವರು ಎದುರಿಸಿದರು. ವಿದ್ಯುತ್ ಯೋಜನೆಯ ಫಲ ಮೊದಲು ಸಂದದ್ದು ಗಣಿ ಕಂಪನಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಗಣಿಗಳ ಸುತ್ತಲಿನ ಕೋಲಾರ ಸೀಮೆಯ ಹಳ್ಳಿಗಳು ಅದಕ್ಕಾಗಿ ಇನ್ನೂ ದೀರ್ಘಕಾಲ ಕಾಯಬೇಕಾಯಿತು. ಆದರೂ ಉದ್ಯಮದ ಒಡೆತನ ಸರ್ಕಾರದಲ್ಲಿ ಉಳಿದುದರಿಂದ, ಮುಂದೆ ವಿದ್ಯುತ್ತನ್ನು ನಗರಗಳಿಗೂ ಕೈಗಾರಿಕೆಗಳಿಗೂ ವಿಸ್ತರಿಸುವ ನಿರ್ಧಾರ ಸಂಸ್ಥಾನದ ಕೈಯಲ್ಲಿಯೇ ಇತ್ತು.

ಗೌರವ ಮತ್ತು ಸ್ಮಾರಕಗಳು

ಬ್ರಿಟಿಷ್ ಸರ್ಕಾರವು 1893ರಲ್ಲಿ ಅವರಿಗೆ ಕೆ.ಸಿ.ಎಸ್.ಐ. ಪದವಿ ನೀಡಿತು. ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆಯು ಅವರ ಹೆಸರನ್ನು ಹೊತ್ತಿದೆ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ಅಲ್ಲಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೂ ಅವರ ಹೆಸರನ್ನೇ ಇಡಲಾಗಿದೆ. ಆ ಕೇಂದ್ರದಿಂದ ಮೊದಲು ವಿದ್ಯುತ್ ಪಡೆದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು.