ಮೊಲೊಕಾಯಿಯ ಸೇವಾವ್ರತಿ ಬ್ರದರ್ ಜೋಸೆಫ್ ಡಟನ್

ಕುಷ್ಠರೋಗಿಗಳ ಅಪೊಸ್ತಲರೆಂದು ಜಗತ್ಪ್ರಸಿದ್ಧರಾದ ಸಂತ ದಮಿಯನ್ನರ ಹೆಸರನ್ನು ಕೇಳದ ಕಥೋಲಿಕರು ವಿರಳ. ಆ ಮಹಾತ್ಮರ ಕೊನೆಯ ದಿನಗಳಲ್ಲಿ ಅವರ ಬಲಗೈಯಾಗಿ ನಿಂತು, ಅವರ ಮರಣಾನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದೇ ಸೇವೆಯನ್ನು ಮುಂದುವರಿಸಿದ ಜೋಸೆಫ್ ಡಟನ್ನರು ತಮ್ಮ ಕಾಲದಲ್ಲಿ ಅಮೆರಿಕದಾದ್ಯಂತ ಮನೆಮಾತಾಗಿದ್ದರೂ, ನಮ್ಮಲ್ಲಿ ಅವರ ಪರಿಚಯ ಅಷ್ಟಾಗಿ ಇಲ್ಲ. ಇವರು ಗುರುಗಳಲ್ಲ, ಯಾವ ಸನ್ಯಾಸಿ ಸಭೆಯ ವ್ರತವನ್ನೂ ತೊಟ್ಟವರಲ್ಲ. ಪಾಪದ ಭಾರವನ್ನು ಬಲ್ಲ ಒಬ್ಬ ಸಾಮಾನ್ಯ ವಿಶ್ವಾಸಿ. ಆದುದರಿಂದಲೇ ಇವರ ಬಾಳು ನಮಗೆ ಹೆಚ್ಚು ಹತ್ತಿರವಾದುದು.

ಇರಾ ಬಾರ್ನ್ಸ್ ಡಟನ್ ಎಂಬುದು ಇವರ ಮೊದಲ ಹೆಸರು. 1843ರ ಏಪ್ರಿಲ್ 27ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಸ್ಟೋ ಎಂಬ ಊರಿನಲ್ಲಿ ಪ್ರೊಟೆಸ್ಟೆಂಟ್ ಕುಟುಂಬವೊಂದರಲ್ಲಿ ಜನಿಸಿದರು. ವಿಸ್ಕಾನ್ಸಿನ್ ಸಂಸ್ಥಾನದ ಜೇನ್ಸ್‌ವಿಲ್‌ನಲ್ಲಿ ಬೆಳೆದರು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಹದಿನೆಂಟರ ಹರೆಯದಲ್ಲಿ ಸೈನ್ಯ ಸೇರಿ, ದಂಡಿನ ದವಸಧಾನ್ಯ, ಬಟ್ಟೆಬರೆ, ಸರಂಜಾಮುಗಳ ಲೆಕ್ಕವನ್ನು ನೋಡಿಕೊಳ್ಳುವ ಹೊಣೆಯನ್ನು ಹೊತ್ತರು. ಅಚ್ಚುಕಟ್ಟುತನಕ್ಕೆ ಹೆಸರಾಗಿ, ಯುದ್ಧ ಮುಗಿಯುವ ಹೊತ್ತಿಗೆ ಅಧಿಕಾರಿಯ ಪದವಿಗೇರಿದ್ದರು.

ಆದರೆ ರಣರಂಗದಲ್ಲಿ ಗೆದ್ದ ಯೋಧ ಮನೆಯಲ್ಲಿ ಸೋತರು. 1866ರಲ್ಲಿ ಮಿತ್ರರ ಎಚ್ಚರಿಕೆಯನ್ನೂ ಲೆಕ್ಕಿಸದೆ ಮಾಡಿಕೊಂಡ ವಿವಾಹ ಬಹುಬೇಗ ಮುರಿದುಬಿತ್ತು. ಪತ್ನಿ ಅವರನ್ನು ತೊರೆದು ಹೋದಳು. ಆಕೆ ಮರಳಿ ಬಂದಾಳೆಂದು ವರ್ಷಗಟ್ಟಲೆ ಕಾದರು, ವಿಚ್ಛೇದನವಾದುದು 1881ರಲ್ಲಿ. ಈ ನಡುವೆ, ಯುದ್ಧದಲ್ಲಿ ಮಡಿದು ಎಲ್ಲೆಂದರಲ್ಲಿ ಹೂಳಲ್ಪಟ್ಟ ಸೈನಿಕರ ಶವಗಳನ್ನು ಹೊರತೆಗೆದು ರಾಷ್ಟ್ರೀಯ ಸಮಾಧಿಭೂಮಿಗಳಿಗೆ ಸಾಗಿಸುವ ಕೆಲಸವನ್ನೂ ಮಾಡಿದರು. ಹಗಲೆಲ್ಲ ಪ್ರಾಮಾಣಿಕ ದುಡಿಮೆ, ಇರುಳಾದರೆ ಮದ್ಯಪಾನ. ಹೀಗೆಯೇ ಹತ್ತು ವರ್ಷಗಳು ಕಳೆದುವು. 1876ರಲ್ಲಿ ಒಮ್ಮೆಲೇ ಮದ್ಯವನ್ನು ತ್ಯಜಿಸಿದರು. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಕುಡಿತ ಬಿಟ್ಟರೂ ಮನಸ್ಸಿಗೆ ಶಾಂತಿ ಬರಲಿಲ್ಲ. ವ್ಯರ್ಥವಾಗಿ ಹೋದ ಕಾಲಕ್ಕೆ ಪ್ರಾಯಶ್ಚಿತ್ತವಾಗಬೇಕೆಂಬ ಹಂಬಲ ಅವರನ್ನು ಕಾಡುತ್ತಲೇ ಇತ್ತು. ಆ ಹುಡುಕಾಟ ಅವರನ್ನು ಕಥೋಲಿಕ ಧರ್ಮಸಭೆಯ ಬಾಗಿಲಿಗೆ ತಂದಿತು. 1883ರಲ್ಲಿ, ತಮ್ಮ ನಲ್ವತ್ತನೆಯ ಹುಟ್ಟುಹಬ್ಬದ ದಿನ, ಮೆಂಫಿಸ್ ನಗರದಲ್ಲಿ ಕಥೋಲಿಕರಾಗಿ ಸ್ವೀಕೃತರಾಗಿ ಜೋಸೆಫ್ ಎಂಬ ಹೆಸರನ್ನು ಧರಿಸಿದರು. ಬಳಿಕ ಕೆಂಟಕಿಯ ಗೆತ್ಸೆಮನಿ ಮಠವನ್ನು ಸೇರಿ, ಮೌನವ್ರತದ ಟ್ರಾಪಿಸ್ಟ್ ಸನ್ಯಾಸಿಗಳೊಡನೆ ಸುಮಾರು ಇಪ್ಪತ್ತು ತಿಂಗಳು ಬಾಳಿದರು. ಪ್ರಾರ್ಥನೆಯ ಆ ಜೀವನವನ್ನು ಪ್ರೀತಿಸಿದರಾದರೂ, ಪರರಿಗಾಗಿ ಮೈಮುರಿದು ದುಡಿಯುವುದೇ ತಮ್ಮ ಪಾಲಿನ ಕರೆಯೆಂದು ಮನಗಂಡು ಹೊರಬಂದರು. ಆಗ ದಮಿಯನ್ನರ ವಿಚಾರ ಅವರ ಕಣ್ಣಿಗೆ ಬಿದ್ದಿತು.

ಹವಾಯಿ ಆಗ ಅಮೆರಿಕಕ್ಕೆ ಸೇರಿರಲಿಲ್ಲ. ಅರಸರಾಳುತ್ತಿದ್ದ ಸ್ವತಂತ್ರ ದ್ವೀಪರಾಜ್ಯವಾಗಿತ್ತು. ಕುಷ್ಠರೋಗದ ಭೀತಿಯಿಂದ 1865ರಲ್ಲಿ ಮಾಡಿದ ಕಾನೂನಿನಂತೆ ರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪಕ್ಕೆ ಸಾಗಿಸಲಾಗುತ್ತಿತ್ತು. ಮೂರು ಕಡೆ ಭೋರ್ಗರೆಯುವ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಕಡಿದಾದ ಬೆಟ್ಟ. ತಾಯಿಯಿಂದ ಮಗು, ಪತಿಯಿಂದ ಪತ್ನಿ ಅಗಲಿ, ಮನೆಮಠಗಳನ್ನು ಕಳೆದುಕೊಂಡು ಅಲ್ಲಿಗೆ ಬಂದವರಿಗೆ ಹಿಂದಿರುಗುವ ದಾರಿಯಿರಲಿಲ್ಲ. ಕೆಲವರ ಆಪ್ತರು ಮಾತ್ರ, ಆರೋಗ್ಯವಂತರಾಗಿದ್ದೂ, ಸ್ವಇಚ್ಛೆಯಿಂದ ಜೊತೆಯಲ್ಲಿ ಬಂದು ನೆಲಸುತ್ತಿದ್ದರು. ಇಂಥವರನ್ನು ಹವಾಯಿ ಜನರು ಕೊಕುವಾ, ಎಂದರೆ ನೆರವಿಗರು, ಎಂದು ಕರೆಯುತ್ತಿದ್ದರು. 1873ರಲ್ಲಿ ಬೆಲ್ಜಿಯಮ್ ದೇಶದ ಗುರು ದಮಿಯನ್ನರು ಈ ನೆಲಕ್ಕೆ ಕಾಲಿಟ್ಟು, ದೇವಾಲಯ, ಮನೆ, ನೀರಿನ ಕೊಳವೆ, ಕೊನೆಗೆ ಶವಪೆಟ್ಟಿಗೆಗಳವರೆಗೂ ಎಲ್ಲವನ್ನೂ ತಮ್ಮ ಕೈಯಾರೆ ನಿರ್ಮಿಸಿದ್ದರು. 1885ರ ಹೊತ್ತಿಗೆ ಆ ರೋಗ ಅವರನ್ನೂ ಹಿಡಿದಿರುವುದು ಖಚಿತವಾಗಿತ್ತು.

1886ರ ಜುಲೈ 29ರಂದು ಡಟನ್ನರು ಮೊಲೊಕಾಯಿಯಲ್ಲಿ ಇಳಿದರು. ಸಂಬಳವನ್ನು ಬಯಸಿ ಬಂದವರಲ್ಲ. ಯಾರೂ ಕಳುಹಿಸಿ ಬಂದವರೂ ಅಲ್ಲ. ಕುದುರೆಗಾಡಿಯೊಡನೆ ಎದುರುಗೊಂಡ ದಮಿಯನ್ನರಿಗೆ ಅಪರಿಚಿತನೊಬ್ಬ ದೇವರು ಕಳುಹಿಸಿದ ತಮ್ಮನಂತೆ ಕಂಡನು. ದಮಿಯನ್ನರ ಜನ್ಮನಾಮವೂ ಜೋಸೆಫ್ ಎಂಬುದೇ. ಅವರು ಪ್ರೀತಿಯಿಂದ ಬ್ರದರ್ ಜೋಸೆಫ್ ಎಂದು ಕರೆದರು. ಆ ಹೆಸರೇ ಕಡೆಯತನಕ ನಿಂತಿತು.

ಇಬ್ಬರ ಸ್ವಭಾವವೂ ಬೇರೆಬೇರೆ. ದಮಿಯನ್ನರು ಆತುರದ ದುಡಿಮೆಗಾರರು; ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಹಾಕುವವರು. ಡಟನ್ನರು ಶಾಂತರು, ಕ್ರಮಬದ್ಧರು. ಅರ್ಧಕ್ಕೆ ನಿಂತ ಕೆಲಸಗಳನ್ನೆಲ್ಲ ಮುಗಿಸುವವರು. ಬೆರಳುಗಳುದುರಿದ ಕೈಗಳನ್ನೂ ಕೊಳೆತ ಪಾದಗಳನ್ನೂ ತೊಳೆದು ಔಷಧ ಹಚ್ಚಿ ಪಟ್ಟಿ ಕಟ್ಟುವುದು, ಬಡಗಿಯ ಕೆಲಸ, ಲೆಕ್ಕಪತ್ರ, ಪೂಜಾಪೀಠದ ಅಲಂಕಾರ, ಬಲಿಪೂಜೆಯ ಸಿದ್ಧತೆ, ಇವೆಲ್ಲವೂ ಅವರ ಪಾಲಿಗೆ ಬಂದುವು. ದಮಿಯನ್ನರ ಹುಣ್ಣುಗಳನ್ನೂ ಅವರೇ ಶುಶ್ರೂಷೆ ಮಾಡಿದರು. 1888ರಲ್ಲಿ ಮದರ್ ಮರಿಯಾನ್ ಕೋಪ್ ಮತ್ತು ಅವರ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರು ಬಂದು ಹೆಣ್ಣುಮಕ್ಕಳ ಪಾಲನೆಯನ್ನು ವಹಿಸಿಕೊಂಡರು. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ತಮ್ಮ ಅನಾಥ ಮಕ್ಕಳು ಮತ್ತೆ ಅನಾಥರಾಗಲಾರರೆಂಬ ನೆಮ್ಮದಿಯಿಂದ ದಮಿಯನ್ನರು ಕಣ್ಮುಚ್ಚಿದರು.

ಉತ್ಸಾಹದಿಂದ ಸೇವೆಗೆ ಧುಮುಕುವವರು ಅನೇಕರಿರಬಹುದು. ಮೆಚ್ಚುವವರಿಲ್ಲದಾಗಲೂ ನಿಲ್ಲುವವರು ಎಷ್ಟು ಮಂದಿ? ಡಟನ್ನರ ನಿಜವಾದ ಪರೀಕ್ಷೆ ಆಗ ಆರಂಭವಾಯಿತು. 1890ರ ದಶಕದಲ್ಲಿ ದಾನಿ ಹೆನ್ರಿ ಬಾಲ್ಡ್ವಿನ್ನರ ನೆರವಿನಿಂದ ಕಲವಾವೊದಲ್ಲಿ ಗಂಡಸರಿಗೂ ಹುಡುಗರಿಗೂ ಬಾಲ್ಡ್ವಿನ್ ನಿಲಯವು ಸಿದ್ಧವಾದಾಗ ಅದರ ಹೊಣೆ ಅವರ ಹೆಗಲಿಗೇರಿತು. ದಿನವೂ ಅದೇ ಹುಣ್ಣು, ಅದೇ ಪಟ್ಟಿ, ಅದೇ ಸಮಾಧಿ. ಅಕ್ಕರೆಯಿಂದ ಸಾಕಿದ ಬಾಲಕರು ಒಬ್ಬೊಬ್ಬರಾಗಿ ಮಣ್ಣು ಸೇರುತ್ತಿದ್ದರು. ರೋಗಕ್ಕೆ ಆಗ ಮದ್ದಿರಲಿಲ್ಲ. ಫಲಕಾರಿ ಔಷಧ ದೊರೆತದ್ದು 1940ರ ದಶಕದಲ್ಲಿ. ಗುಣಪಡಿಸುವ ಆಸೆಯೇ ಇಲ್ಲದೆಡೆಯಲ್ಲಿ, ಸಾಯುವವನ ಪಕ್ಕದಲ್ಲಿ ಕುಳಿತಿರುವುದೇ ಅವರ ಸೇವೆಯಾಯಿತು. ವರ್ಷಗಳು ಉರುಳಿದರೂ ಅವರು ರಜೆಯನ್ನು ಬಯಸಲಿಲ್ಲ. ರೋಗವೂ ಅವರನ್ನು ಮುಟ್ಟಲಿಲ್ಲ.

ಕೀರ್ತಿ ತಾನಾಗಿಯೇ ಹುಡುಕಿಕೊಂಡು ಬಂದಿತು. ದೇಶವಿದೇಶಗಳಿಂದ ಪತ್ರಗಳು ಬರುತ್ತಿದ್ದುವು. 1908ರ ಜುಲೈಯಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಆಜ್ಞೆಯಂತೆ ಅಮೆರಿಕದ ಯುದ್ಧನೌಕೆಗಳ ಮಹಾಪಡೆ ತನ್ನ ಹಾದಿಯನ್ನು ಬದಲಿಸಿ, ಈ ಹಳೆಯ ಸೈನಿಕನ ಗೌರವಾರ್ಥವಾಗಿ ಮೊಲೊಕಾಯಿಯ ಎದುರಿನಲ್ಲಿ ಸಾಲಾಗಿ ಸಾಗಿತು. ನೌಕೆಗಳು ಮರೆಯಾದುವು, ನಿಲಯದ ರೋಗಿಗಳು ಮಾತ್ರ ಎಂದಿನಂತೆ ಅವರಿಗಾಗಿ ಕಾಯುತ್ತಿದ್ದರು.

ಮುಪ್ಪಿನಲ್ಲಿ ದೃಷ್ಟಿ ಮಂದವಾದುದರಿಂದ 1930ರಲ್ಲಿ ಚಿಕಿತ್ಸೆಗಾಗಿ ಹೊನೊಲುಲುವಿಗೆ ಅವರನ್ನು ಕರೆದೊಯ್ದರು. 1931ರ ಮಾರ್ಚ್ 26ರಂದು, ಎಂಬತ್ತೇಳರ ಪ್ರಾಯದಲ್ಲಿ, ಅಲ್ಲಿನ ಸಂತ ಫ್ರಾನ್ಸಿಸ್ ಆಸ್ಪತ್ರೆಯಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ದೇಹವನ್ನು ಕಲವಾವೊಗೆ ತಂದು, ಸಂತ ಫಿಲೊಮಿನಾ ದೇವಾಲಯದ ಬಳಿ ದಮಿಯನ್ನರ ಸಮಾಧಿಯ ನೆರೆಯಲ್ಲೇ ಮಣ್ಣುಮಾಡಿದರು. ಹವಾಯಿಯ ಬಲವಂತದ ಪ್ರತ್ಯೇಕ ವಾಸವು 1969ರಲ್ಲಿ ಕೊನೆಗೊಂಡಿತು. ದಮಿಯನ್ನರು 2009ರಲ್ಲಿ, ಮದರ್ ಮರಿಯಾನ್ 2012ರಲ್ಲಿ ಸಂತ ಪದವಿಗೇರಿದರು. ಡಟನ್ನರ ಸಂತತ್ವದ ವಿಚಾರಣೆಯನ್ನು ಹೊನೊಲುಲು ಧರ್ಮಪ್ರಾಂತವು 2022ರಲ್ಲಿ ಕೈಗೆತ್ತಿಕೊಂಡಿತು.

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ದೇವಾಲಯದ ಕಲ್ಲು ಕಂಬಗಳನ್ನು ಕಂಡು ಹಿಗ್ಗುವುದು ಸಹಜ. ಮುರಿದ ಸಂಸಾರ, ಕುಡಿತದ ಕಹಿನೆನಪು, ಕಳೆದುಹೋದ ಯೌವನ ಇವಿಷ್ಟನ್ನೇ ಬಂಡವಾಳವಾಗಿ ಹೊತ್ತು ಬಂದವನನ್ನೂ ದೇವರು ತಿರಸ್ಕರಿಸಲಿಲ್ಲವೆಂಬುದನ್ನು ನಾವು ನೆನೆಯೋಣ. ಪ್ರಿಯ ಭಕ್ತಜನರೇ, ಮೊಲೊಕಾಯಿ ದೂರದಲ್ಲಿದೆ. ನೆಲೆಯಿಲ್ಲದವರೂ ಅಂಗಹೀನರೂ ನಮ್ಮ ದೇವಾಲಯದ ಮೆಟ್ಟಿಲ ಬಳಿಯಲ್ಲೇ ಇದ್ದಾರೆ. ಬ್ರದರ್ ಜೋಸೆಫರ ತಾಳ್ಮೆಯ ಒಂದಂಶವನ್ನಾದರೂ ಕರುಣಾಮಯನಾದ ಪ್ರಭು ನಮಗೆ ದಯಪಾಲಿಸಲಿ.