ಪತಂಗ ಅಂಟಿಸಿದ ಪುಟ

ಅಭ್ಯಾಸ ಬೋಧನೆಯ ಎರಡನೆಯ ವಾರ ಒಂಬತ್ತನೆಯ ತರಗತಿಗೆ ಗ್ರೇಸ್ ಹಾಪರ್ ಅವರ ಜೀವನವನ್ನು ಹೇಳಿದೆ. ಆ ಪಾಠದಲ್ಲಿ ನಾನು ಮಾಡಿದ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಾಪರ್ 1906ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಮನೆಯ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿಹಾಕಿದ್ದರಂತೆ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ, 1944ರಿಂದ ಹಾರ್ವರ್ಡಿನ ಮಾರ್ಕ್ 1 ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆದರು.

1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದವರು ಬಿಸಾಡಲಿಲ್ಲ. ವೇಳೆ, ರಿಲೇಯ ಸಂಖ್ಯೆ ಬರೆದು ಪತಂಗವನ್ನೇ ದಾಖಲೆ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಈಗ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಪತಂಗ ಹಿಡಿದವರು ಹಾಪರ್, ಬಗ್ ಎಂಬ ಪದ ಹುಟ್ಟಿದ್ದು ಅಲ್ಲೇ ಎಂದು ಮಕ್ಕಳಿಗೆ ಹೇಳಿಬಿಟ್ಟೆ. ಸಂಜೆ ಮತ್ತೆ ಓದಿದಾಗ ಎರಡೂ ತಪ್ಪೆಂದು ತಿಳಿಯಿತು. ಹಿಡಿದವರು ಅವರ ಸಹೋದ್ಯೋಗಿಗಳು. ಹಾಪರ್ ಆ ಕಥೆಯನ್ನು ಎಲ್ಲೆಡೆ ಹೇಳಿ ಹೆಸರಾಗಿಸಿದವರು. ಯಂತ್ರದ ದೋಷವನ್ನು ಬಗ್ ಎನ್ನುವ ರೂಢಿ ಎಡಿಸನ್ ಕಾಲದಲ್ಲೇ ಇತ್ತು.

ತಿದ್ದಿದರೆ ಮಕ್ಕಳೆದುರು ಹಗುರಾಗುವ ಭಯ. ಹಿಂದಿನ ಬೆಂಚಿನಲ್ಲಿ ಅಂಕ ಹಾಕುವ ಮೇಲ್ವಿಚಾರಕರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಾಪರ್ ಮುಂದೆ ಮಾಡಿದ ಕೆಲಸ ನೆನಪಾಯಿತು. ಆಗ ಪ್ರೋಗ್ರಾಮಿನ ಭಾಗಗಳನ್ನು ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಕೈಯಿಂದ ನಕಲು ಮಾಡುತ್ತಿದ್ದರು. ಅಕ್ಷರ, ಅಂಕಿ ತಪ್ಪುತ್ತಿದ್ದವು. ಮನುಷ್ಯರು ನಕಲಿನಲ್ಲಿ ತಪ್ಪುತ್ತಾರೆಂದು ನೇರವಾಗಿ ಒಪ್ಪಿಕೊಂಡ ಹಾಪರ್ ಆ ಕೆಲಸವನ್ನು ಯಂತ್ರಕ್ಕೇ ವಹಿಸಿದರು. 1952ರ ಅವರ ಎ-0 ಕಂಪೈಲರ್ ಹುಟ್ಟಿದ್ದು ಹಾಗೆ. ತಪ್ಪನ್ನು ಮುಚ್ಚಿಟ್ಟಿದ್ದರೆ ಅದಕ್ಕೆ ಪರಿಹಾರ ಹುಡುಕುವ ಅಗತ್ಯವೇ ಕಾಣುತ್ತಿರಲಿಲ್ಲ.

ಮರುದಿನ ಕಪ್ಪುಹಲಗೆಯಲ್ಲಿ ಎರಡು ಕಂಬಸಾಲು ಎಳೆದು, ನಾನು ಹೇಳಿದ್ದು, ಸರಿಯಾದದ್ದು ಎಂದು ಬರೆದೆ. ಯಾರೂ ನಗಲಿಲ್ಲ. ಒಬ್ಬ ಹುಡುಗಿ, ತಪ್ಪೆಂದು ನನಗೆ ಹೇಗೆ ಗೊತ್ತಾಯಿತೆಂದು ಕೇಳಿದಳು. ನನ್ನ ಪಾಠ ಯೋಜನೆಯಲ್ಲಿದ್ದ ಯಾವ ಪ್ರಶ್ನೆಗಿಂತಲೂ ಅದು ಒಳ್ಳೆಯ ಪ್ರಶ್ನೆ.

ನಂತರ ಒಂದು ಅಡಿಯಷ್ಟು ತಂತಿ ತೋರಿಸಿದೆ. ವಿದ್ಯುತ್ ಸಂಕೇತ ಒಂದು ನ್ಯಾನೋಸೆಕೆಂಡಿನಲ್ಲಿ ಹೋಗಬಲ್ಲ ಗರಿಷ್ಠ ದೂರ ಅಷ್ಟೇ ಎಂದು ತಿಳಿಸಲು ಹಾಪರ್ ಇಂಥ ತುಂಡುಗಳನ್ನು ಹಂಚುತ್ತಿದ್ದರು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದ ಅವರು 1992ರ ಜನವರಿ 1ರಂದು ತೀರಿಕೊಂಡರು.

ನನ್ನ ಪಾಠ ಯೋಜನೆಯ ಪುಸ್ತಕದ ಕೊನೆಯಲ್ಲಿ ಈಗ ತಪ್ಪುಗಳಿಗೆಂದೇ ಒಂದು ಪುಟವಿದೆ. ಅದರಲ್ಲಿ ಮೊದಲು ಬರೆದದ್ದು ಪತಂಗದ ವಿಷಯ.